ಜಾವೆಲಿನ್ ಒಪ್ಪದ 45 ಡಿಗ್ರಿ

2025ರ ಜುಲೈ 5ರ ಶನಿವಾರ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಜಾವೆಲಿನ್ನನ್ನು 86.18 ಮೀಟರ್ ದೂರ ಎಸೆದು ಗೆದ್ದರು. ಅದನ್ನು ಕಂಡ ಪಿಯುಸಿ ವಿದ್ಯಾರ್ಥಿಯೊಬ್ಬ ಸೋಮವಾರ ತರಗತಿಯಲ್ಲಿ ಕೇಳಬಹುದಾಗಿದ್ದ ಒಳ್ಳೆಯ ಪ್ರಶ್ನೆಯೊಂದಿದೆ: ಎಸೆದ ವಸ್ತು ಅತಿ ದೂರ ಹೋಗಲು 45 ಡಿಗ್ರಿ ಕೋನ ಬೇಕೆಂದು ಪಠ್ಯಪುಸ್ತಕ ಹೇಳುತ್ತಿರುವಾಗ, ನುರಿತ ಎಸೆತಗಾರರು 35 ಡಿಗ್ರಿಯ ಆಸುಪಾಸಿನಲ್ಲೇ ಏಕೆ ಎಸೆಯುತ್ತಾರೆ?

ಕ್ರೀಡೆಯ ಮೂಲಕ ಭೌತವಿಜ್ಞಾನ ಕಲಿಸುವಾಗ ಸಾಮಾನ್ಯವಾಗಿ ಸೂತ್ರವನ್ನು ಮೊದಲು ಬರೆದು, ಆಟವನ್ನು ಉದಾಹರಣೆಯಾಗಿ ಕೊನೆಗೆ ಸೇರಿಸುವುದು ರೂಢಿ. ಸೂತ್ರಕ್ಕೂ ಮೈದಾನಕ್ಕೂ ಹೊಂದಾಣಿಕೆ ತಪ್ಪುವ ಜಾಗದಿಂದಲೇ ಪಾಠ ಆರಂಭವಾಗಬೇಕೆಂಬುದು ನನ್ನ ಅಭಿಪ್ರಾಯ.

45 ಡಿಗ್ರಿಯ ಲೆಕ್ಕ ತಪ್ಪಲ್ಲ. ಆದರೆ ಯಾವ ಕೋನದಲ್ಲಿ ಎಸೆದರೂ ವೇಗ ಒಂದೇ ಇರುತ್ತದೆಂದು ಅದು ಸದ್ದಿಲ್ಲದೆ ಊಹಿಸಿಕೊಂಡಿದೆ. ಫಿರಂಗಿಗೆ ಈ ಊಹೆ ಸರಿಹೋದೀತು, ತೋಳಿಗಲ್ಲ. ಓಡಿಬಂದು ಪಡೆದ ವೇಗವೆಲ್ಲ ನೆಲಕ್ಕೆ ಸಮಾನಾಂತರವಾಗಿರುವುದರಿಂದಲೂ, ನಮ್ಮ ಭುಜ ಮತ್ತು ಬೆನ್ನಿನ ಸ್ನಾಯುಗಳು ಮೇಲಕ್ಕಿಂತ ಮುಂದಕ್ಕೆ ಹೆಚ್ಚು ಬಲವಾಗಿ ತಳ್ಳಬಲ್ಲವಾದ್ದರಿಂದಲೂ, ಕೋನ ಏರಿದಂತೆ ವೇಗ ಇಳಿಯುತ್ತದೆ. ಗಾಳಿಯನ್ನು ಸದ್ಯಕ್ಕೆ ಮರೆತರೆ ದೂರವು ವೇಗದ ವರ್ಗವನ್ನು ಅವಲಂಬಿಸಿದೆ. ಕೋನವನ್ನು 45ರಿಂದ 35 ಡಿಗ್ರಿಗೆ ಇಳಿಸಿದರೆ ಆಗುವ ನಷ್ಟ ಶೇ 6 ಮಾತ್ರ. ವೇಗ ಶೇ 10ರಷ್ಟು ಕುಸಿದರೆ ದೂರದಲ್ಲಿ ಶೇ 19 ಕೈಬಿಡುತ್ತದೆ. ಈ ಎರಡು ಸಂಖ್ಯೆಗಳನ್ನು ಮಕ್ಕಳೇ ಲೆಕ್ಕ ಹಾಕಿ ಕಂಡುಕೊಂಡರೆ ಎಸೆತಗಾರನ ಜಾಣತನ ತಾನಾಗಿ ಅರ್ಥವಾಗುತ್ತದೆ. ಶಾಲೆಯ ಮೈದಾನದಲ್ಲಿ ಮೊಬೈಲಿನ ನಿಧಾನಗತಿಯ ವಿಡಿಯೊ ಬಳಸಿ ತಮ್ಮ ಎಸೆತದ ಕೋನವನ್ನೂ ವೇಗವನ್ನೂ ಅವರು ಅಳೆಯಬಹುದು. ಟೆನಿಸ್ ಚೆಂಡು ಮಾತ್ರ ಬೇಡ. ಅದು ಹಗುರವಾದ್ದರಿಂದ ಗಾಳಿಯ ತಡೆಗೆ ಬೇಗ ಸೋತು ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಜಾವೆಲಿನ್ನಿನ ವಿಷಯದಲ್ಲಿ ಗಾಳಿ ಬರೀ ತಡೆಯಲ್ಲ, ಆಸರೆಯೂ ಹೌದು. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದಾಗ, ಹೀಗೇ ಬಿಟ್ಟರೆ ಮೈದಾನವೇ ಸಾಲದೆಂಬ ಆತಂಕ ಹುಟ್ಟಿತು. ಅಂದಿನ ಜಾವೆಲಿನ್ ಗಾಳಿಯಲ್ಲಿ ತೇಲುತ್ತ ಬಂದು ಹಲವು ಬಾರಿ ಮೊನೆ ಊರದೆ ಚಪ್ಪಟೆಯಾಗಿ ಬೀಳುತ್ತಿತ್ತು. ಎಸೆತ ಸರಿಯೋ ತಪ್ಪೋ ಎಂಬ ತಕರಾರು ಬೇರೆ. ಆದ್ದರಿಂದ 1986ರಲ್ಲಿ ಪುರುಷರ ಜಾವೆಲಿನ್ನಿನ ಗುರುತ್ವ ಕೇಂದ್ರವನ್ನು, ಅಂದರೆ ಅದರ ತೂಕ ಸಮತೋಲಗೊಳ್ಳುವ ಬಿಂದುವನ್ನು, 4 ಸೆಂಟಿಮೀಟರ್ ಮುಂದಕ್ಕೆ ಸರಿಸಲಾಯಿತು. ಗಾಳಿಯ ಒತ್ತು ಬೀಳುವ ಬಿಂದು ಈಗ ಗುರುತ್ವ ಕೇಂದ್ರಕ್ಕಿಂತ ಹಿಂದೆ ಉಳಿಯುವುದರಿಂದ, ಆ ಒತ್ತು ಬಾಲವನ್ನು ಎತ್ತಿ ಮೊನೆಯನ್ನು ಕೆಳಕ್ಕೆ ಬಾಗಿಸುತ್ತದೆ. 800 ಗ್ರಾಂ ತೂಕ ಹಾಗೆಯೇ ಉಳಿದರೂ ದಾಖಲೆಯನ್ನು ಹೊಸದಾಗಿ ಆರಂಭಿಸಬೇಕಾಯಿತು. ಚೆಕ್ ಗಣರಾಜ್ಯದ ಯಾನ್ ಝೆಲೆಜ್ನಿ 1996ರಲ್ಲಿ ಎಸೆದ 98.48 ಮೀಟರ್ ಇಂದಿಗೂ ವಿಶ್ವದಾಖಲೆಯಾಗಿದೆ. ಬಲಭ್ರಾಮಕವನ್ನು, ಅಂದರೆ ಬಲವೊಂದು ವಸ್ತುವನ್ನು ತಿರುಗಿಸುವ ಪರಿಣಾಮವನ್ನು, ಕಲಿಸಲು ಬಾಗಿಲಿನ ಹಿಡಿಗಿಂತ ಇದು ಉತ್ತಮ ಉದಾಹರಣೆ.

ಲಾಂಗ್ ಜಂಪ್ ಪಟುಗಳು ನೆಲ ಬಿಡುವ ಕೋನವಂತೂ ಸುಮಾರು 20 ಡಿಗ್ರಿ ಮಾತ್ರ. ಓಟದ ವೇಗವನ್ನು ಉಳಿಸಿಕೊಂಡೇ ಹಲಗೆಯ ಮೇಲಿನ ಒಂದೇ ಹೆಜ್ಜೆಯಲ್ಲಿ ದೇಹವನ್ನು ಅದಕ್ಕಿಂತ ಕಡಿದಾಗಿ ಮೇಲೆತ್ತಲು ಕಾಲಿಗೆ ಸಮಯ ಸಾಲದು.