ಪಿಎಚ್‌ಡಿ ಇಲ್ಲದಿದ್ರೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕೋ ಹಾಗಿಲ್ವಾ?

ಪ್ರಶ್ನೆ: ಸರ್, ಎಂ.ಎ. ಕನ್ನಡದಲ್ಲಿ 58 ಪರ್ಸೆಂಟ್ ಇದೆ. ಕೆ-ಸೆಟ್ (ಕರ್ನಾಟಕದ ಸಹಾಯಕ ಪ್ರಾಧ್ಯಾಪಕ ಅರ್ಹತಾ ಪರೀಕ್ಷೆ) ಆಗಿದೆ, ಪಿಎಚ್‌ಡಿ ಆಗಿಲ್ಲ. ವಿವಿಯ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದಾ?

ಉತ್ತರ: ಧಾರಾಳವಾಗಿ ಹಾಕಿ. ಅಧಿಸೂಚನೆ ಬಂದಾಗಲೆಲ್ಲ ಇದೇ ಪ್ರಶ್ನೆ. ಉತ್ತರ ಬರೆದು ಬರೆದು ಸಾಕಾಗಿದೆ. ಆದರೂ ಬರೆಯುತ್ತೇನೆ, ಯಾಕಂದ್ರೆ ‘ಪಿಎಚ್‌ಡಿ ಕಡ್ಡಾಯ’ ಅನ್ನೋ ಮಾತು ನಂಬಿ ಒಳ್ಳೊಳ್ಳೆ ಹುಡುಗರು, ಹುಡುಗಿಯರು ಸುಮ್ನೆ ಕೂತಿದ್ದಾರೆ.

ಈ ಮಾತು ಹುಟ್ಟಿದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಿಂದ. ವಿವಿಗಳ ವಿಭಾಗಗಳಿಗೆ 2021ರ ಜುಲೈ 1ರಿಂದ ಪಿಎಚ್‌ಡಿ ಬೇಕೇ ಬೇಕು ಎಂದು ಅದರಲ್ಲಿತ್ತು. ಜನ ನಿಯಮ ಓದೋದನ್ನು ಅಲ್ಲಿಗೇ ನಿಲ್ಲಿಸಿಬಿಟ್ಟರು. ಆಮೇಲೆ ಕೋವಿಡ್ ಬಂತು. ಗಡುವನ್ನು 2023ರ ಜುಲೈಗೆ ಮುಂದೂಡಿದರು. ಆ ಗಡುವು ಬರುವಷ್ಟರಲ್ಲಿ ನಿಯಮವನ್ನೇ ತಿದ್ದಿದರು. 2023ರ ಜುಲೈ 1ರಿಂದ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ), ಸೆಟ್ ಅಥವಾ ಸ್ಲೆಟ್ (ರಾಜ್ಯಮಟ್ಟದವು; ನಿಮ್ಮ ಕೆ-ಸೆಟ್ ಇದೇ) ಕನಿಷ್ಠ ಅರ್ಹತೆ. ಪಿಎಚ್‌ಡಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಜೊತೆಗೆ ಸ್ನಾತಕೋತ್ತರದಲ್ಲಿ 55 ಪರ್ಸೆಂಟ್ ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ 50 ಸಾಕು.

‘ಹಾಗಾದ್ರೆ ಆಯ್ಕೆಯಾದವರೆಲ್ಲ ಡಾಕ್ಟರೇಟ್ ಆದವರೇ ಯಾಕೆ?’ ಎಂದು ಕೇಳೋರಿದ್ದಾರೆ. ಕೇಳಬೇಕಾದ ಮಾತೇ ಅದು. ಅದೇ 2018ರ ನಿಯಮಾವಳಿಯ ಕೊನೆಯಲ್ಲಿ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅನ್ನೋದಕ್ಕೆ ಅಂಕಗಳ ಪಟ್ಟಿ ಇದೆ. ಅದರಲ್ಲಿ ವಿವಿಗಳಿಗೆಂದು ಇರುವ ಪಟ್ಟಿ ತೆಗೆದು ನೋಡಿ. ನಿಮ್ಮ 58 ಪರ್ಸೆಂಟ್‌ಗೆ 20 ಅಂಕ. ಕೆ-ಸೆಟ್‌ಗೆ 3. ನೆಟ್ ಆಗಿದ್ದರೆ 5, ನೆಟ್ ಜೊತೆ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕಿದ್ದರೆ 7. ಪಿಎಚ್‌ಡಿಗೆ ಒಂದೇ ಏಟಿಗೆ 30! ಪ್ರಕಟವಾದ ಸಂಶೋಧನಾ ಲೇಖನಕ್ಕೆ ತಲಾ 2, ಪಾಠ ಮಾಡಿದ ಅನುಭವಕ್ಕೆ ವರ್ಷಕ್ಕೆ 2. ಎರಡಕ್ಕೂ 10ರ ಮಿತಿ ಇದೆ. ನಿಮ್ಮ ಅರ್ಜಿಯನ್ನು ಯಾರೂ ತಳ್ಳಿಹಾಕೋದಿಲ್ಲ, ಆದರೆ ಕರೆ ಬರುವ ಸಾಲಿನಲ್ಲಿ ಹಿಂದೆ ಬೀಳಬಹುದು. ಕರೆ ಬಂತು ಅಂದ್ರೆ ಈ ಅಂಕಗಳ ಕೆಲಸ ಮುಗೀತು. ಆಯ್ಕೆ ಸಂದರ್ಶನದ ಮೇಲೆ ಮಾತ್ರ. ಅಲ್ಲಿ ಚೆನ್ನಾಗಿ ಪಾಠ ಮಾಡಿ ತೋರಿಸುವವರಿಗೆ ಅವಕಾಶ ಇದ್ದೇ ಇದೆ. ಇದನ್ನು ನಾನು ತುಂಬಾ ಗಟ್ಟಿಯಾಗಿ ನಂಬುತ್ತೇನೆ.

ಇಂಜಿನಿಯರಿಂಗ್ ವಿಭಾಗಗಳ ನಿಯಮ ಬೇರೆ, ಅಲ್ಲಿ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಹೇಳಿದ್ದು ನಡೆಯುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಕೆ-ಸೆಟ್ ಅರ್ಹತೆಗೆ ಮಾನ್ಯತೆ ಇರೋದು ಕರ್ನಾಟಕದೊಳಗೆ ಮಾತ್ರ. ಕೇರಳಕ್ಕೆ ಸೇರಿದ ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಕಲಿಸುವ ಆಸೆ ಇದ್ದರೆ ನೆಟ್ ಬರೆಯಲೇಬೇಕು. ನೆಟ್‌ನಲ್ಲೂ 2024ರ ಜೂನ್ ಆವೃತ್ತಿಯಿಂದ ಮೂರು ಪಟ್ಟಿಗಳಿವೆ. ಮೊದಲನೆಯದರಲ್ಲಿ ಜೆಆರ್‌ಎಫ್ ಜೊತೆ ಸಹಾಯಕ ಪ್ರಾಧ್ಯಾಪಕ ಅರ್ಹತೆ, ಎರಡನೆಯದರಲ್ಲಿ ಸಹಾಯಕ ಪ್ರಾಧ್ಯಾಪಕ ಅರ್ಹತೆ ಜೊತೆ ಪಿಎಚ್‌ಡಿ ಪ್ರವೇಶ. ಮೂರನೆಯದು ಬರೀ ಪಿಎಚ್‌ಡಿ ಪ್ರವೇಶಕ್ಕೆ. ಆ ಪಟ್ಟಿಯಲ್ಲಿ ಹೆಸರು ಬಂದವರು ‘ನೆಟ್ ಪಾಸಾಯ್ತು’ ಎಂದು ಸಿಹಿ ಹಂಚಿ, ಆಮೇಲೆ ಅರ್ಜಿ ತಿರಸ್ಕೃತವಾಯಿತೆಂದು ಬೇಜಾರಾಗುತ್ತಾರೆ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಫಲಿತಾಂಶದ ಹಾಳೆಯಲ್ಲಿ ಯಾವ ಪಟ್ಟಿ ಎಂದು ನೋಡಿಕೊಳ್ಳಿ.