ಧರ್ಮೋಪದೇಶ ಅಂದರೆ ನೀತಿಪಾಠ ಅಲ್ಲ

ಮತ್ತೆ ಅದೇ ತಪ್ಪು. ಚಿಕ್ಕಮಗಳೂರು ಕಡೆಯ ಒಂದು ಚರ್ಚಿನಲ್ಲಿ ಬೇಸಿಗೆ ರಜೆಗೆ ಮಕ್ಕಳ ಧರ್ಮೋಪದೇಶ ಶಿಬಿರ, ಅಂದರೆ ಕಥೋಲಿಕ ವಿಶ್ವಾಸವನ್ನು ಕಲಿಸುವ ಶಿಬಿರ, ನಡೆದಿದೆ. ಪೇಪರಿನವರು ಕೊಟ್ಟ ಹೆಡ್ಡಿಂಗು ‘ಚಿಣ್ಣರಿಗೆ ನೀತಿಪಾಠ’. ಪೇಪರಿನವರನ್ನು ಮಾತ್ರ ದೂರಿ ಪ್ರಯೋಜನ ಇಲ್ಲ. ನಮ್ಮ ಕಥೋಲಿಕರೇ ವಾಟ್ಸಾಪ್ ಗ್ರೂಪಿನಲ್ಲಿ ‘ಪೂಜೆ ಆದ ಮೇಲೆ ಮಕ್ಕಳಿಗೆ ಮಾರಲ್ ಕ್ಲಾಸ್ ಇದೆ’ ಅಂತ ಹಾಕುತ್ತಾರೆ. ಓದಿ ಓದಿ ಸಾಕಾಗಿದೆ.

ಈ ಗೊಂದಲದ ಮೂಲ ಕಾನ್ವೆಂಟ್ ಶಾಲೆಗಳ ಟೈಮ್‌ಟೇಬಲ್. ಹಲವು ಶಾಲೆಗಳಲ್ಲಿ ಒಂದೇ ಪೀರಿಯಡ್‌ಗೆ ಕ್ಲಾಸು ಎರಡಾಗುತ್ತದೆ. ಕಥೋಲಿಕ ಮಕ್ಕಳು ಕ್ಯಾಟಿಕಿಸಂಗೆ (ಧರ್ಮೋಪದೇಶಕ್ಕೆ ಇಂಗ್ಲಿಷಿನಲ್ಲಿರುವ ಹೆಸರು) ಹೋಗುತ್ತಾರೆ, ಉಳಿದವರಿಗೆ ಮಾರಲ್ ಸೈನ್ಸ್. ಹೀಗೆ ಬೇರೆ ಮಾಡುವುದಕ್ಕೆ ಕಾರಣ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಅಂತ ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅಂದರೆ ಎರಡೂ ಬೇರೆ ಅನ್ನುವ ಕಾರಣಕ್ಕೇ ಎರಡು ಕೋಣೆ. ಆದರೆ ಒಂದೇ ಗಂಟೆ ಹೊಡೆದಾಗ ಎರಡೂ ಶುರುವಾಗಿ ಒಟ್ಟಿಗೆ ಮುಗಿಯುವುದನ್ನು ನೋಡಿದವರಿಗೆ ಎರಡೂ ಒಂದೇ ಅನ್ನಿಸಿಬಿಟ್ಟಿದೆ.

ಉಪದೇಶ ಅನ್ನುವ ಪದದ ಪಾಲೂ ಇದರಲ್ಲಿ ಇದೆ. ‘ಸಾಕು ಮಾಡು ನಿನ್ನ ಉಪದೇಶ’ ಅಂತೀವಿ ಅಲ್ವಾ? ಅಲ್ಲಿ ಉಪದೇಶ ಅಂದರೆ ಕೇಳದೇ ಇದ್ದವರಿಗೂ ಕೊಡುವ ಬುದ್ಧಿವಾದ. ಪದದ ಹುಟ್ಟು ಮಾತ್ರ ಹಾಗಿಲ್ಲ. ‘ಉಪ’ ಅಂದರೆ ಹತ್ತಿರ, ‘ದಿಶ್’ ಅಂದರೆ ತೋರಿಸು. ದಿಕ್ಕು, ನಿರ್ದೇಶನ ಎಲ್ಲ ಅದೇ ಬೇರಿನವು. ಹತ್ತಿರ ಕೂರಿಸಿಕೊಂಡು ತೋರಿಸಿಕೊಡುವುದು ಉಪದೇಶ. ಹಳೆಯ ಅರ್ಥ ಇವತ್ತಿಗೂ ಉಳಿದಿರುವುದು ಮುಂಜಿ ಮನೆಯಲ್ಲಿ. ಬಟ್ಟೆ ಮರೆಮಾಡಿ, ವಟುವಿನ ಕಿವಿಯಲ್ಲಿ ಅಪ್ಪ ಗಾಯತ್ರಿ ಹೇಳುವುದಕ್ಕೆ ಬ್ರಹ್ಮೋಪದೇಶ ಅನ್ನುತ್ತಾರೆ. ಅಲ್ಲಿ ಯಾರೂ ‘ಒಳ್ಳೆ ಹುಡುಗ ಆಗು’ ಅಂತ ಬುದ್ಧಿ ಹೇಳುತ್ತಿಲ್ಲ. ಒಂದು ತಲೆಮಾರು ಇನ್ನೊಂದಕ್ಕೆ ಏನನ್ನೋ ದಾಟಿಸುತ್ತಿದೆ. ಧರ್ಮೋಪದೇಶದಲ್ಲಿರುವ ಉಪದೇಶ ಈ ಜಾತಿಯದು. ಹಿಂದಿನವರು ಜ್ಞಾನೋಪದೇಶ ಅಂತಲೂ ಅನ್ನುತ್ತಿದ್ದರು.

ಮಜಾ ಏನೆಂದರೆ ಕ್ಯಾಟಿಕಿಸಂ ಅನ್ನುವ ಪದ ಹೋಗುವ ದಾರಿ ಪೂರ್ತಿ ಉಲ್ಟಾ. ಗ್ರೀಕಿನ ‘ಕಟೆಖೇಯ್ನ್’ ಅದರ ಮೂಲ. ‘ಕಟಾ’ ಅಂದರೆ ಕೆಳಕ್ಕೆ, ‘ಎಖೋಸ್’ ಅಂದರೆ ಸದ್ದು. ನಾವು ದಿನಾ ಹೇಳುವ ‘ಎಕೋ’ ಇದರ ನೆಂಟ. ಕಿವಿಯಲ್ಲಿ ಪಿಸುಗುಟ್ಟುವುದಲ್ಲ, ಸದ್ದು ಕೇಳುವವರ ಮೇಲೆ ಇಳಿದು ಅವರ ಬಾಯಿಂದ ತಿರುಗಿ ಬರುವ ಹಾಗೆ ಹೇಳುವುದು. ಸಂತ ಲೂಕ ಬೈಬಲಿನಲ್ಲಿರುವ ತನ್ನ ಶುಭಸಂದೇಶದ ಮೊದಲ ನಾಲ್ಕು ಸಾಲಿನೊಳಗೇ ಈ ಕ್ರಿಯಾಪದ ಬಳಸುತ್ತಾನೆ: ಥೆಯೊಫಿಲನೇ, ನಿನಗೆ ಕಲಿಸಿದ್ದು ಗಟ್ಟಿಯಾದದ್ದು ಅಂತ ನಿನಗೆ ಗೊತ್ತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಪೌಲನೂ ಬಳಸುತ್ತಾನೆ. ಯಾರಿಗೂ ಅರ್ಥವಾಗದ ಹತ್ತು ಸಾವಿರ ಮಾತಿಗಿಂತ ಬೇರೆಯವರಿಗೆ ಕಲಿಸುವ ಐದು ಮಾತು ನನಗೆ ಸಾಕು ಅಂತ ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಒಂದು ಗಂಟೆ ಮೈಕ್ ಬಿಡದ ಶಿಬಿರದ ಸಂಪನ್ಮೂಲ ವ್ಯಕ್ತಿಗಳಿಗೆ ಈ ಸಾಲನ್ನು ಫ್ರೇಮ್ ಹಾಕಿಸಿ ಕೊಡಬೇಕು.

1542ರಲ್ಲಿ ಗೋವಾಕ್ಕೆ ಬಂದ ಪಾದ್ರಿ ಫ್ರಾನ್ಸಿಸ್ ಝೇವಿಯರ್ ಬೀದಿಯಲ್ಲಿ ಗಂಟೆ ಅಲ್ಲಾಡಿಸುತ್ತಾ ಮಕ್ಕಳನ್ನು ಕರೆದು ಪ್ರಾರ್ಥನೆಗಳನ್ನು ಬಾಯಲ್ಲಿ ಹೇಳಿಸುತ್ತಿದ್ದರು. ಅವತ್ತಿನ ಪೋರ್ಚುಗೀಸ್ ‘ದೌತ್ರಿನಾ’ (ಬೋಧನೆ) ಕೊಂಕಣಿಯಲ್ಲಿ ‘ದೊತೊರ್ನ್’ ಆಯಿತು. ಘಟ್ಟ ಹತ್ತಿ ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರದ ತೋಟಗಳಿಗೆ ಬಂದ ಕೊಂಕಣಿ ಮನೆಗಳಲ್ಲಿ ಇವತ್ತಿಗೂ ಅದೇ ಮಾತು. ದೊತೊರ್ನ್ ಅನ್ನುವವರು ಅದನ್ನು ನೀತಿಪಾಠ ಅಂದುಕೊಂಡಿದ್ದು ನಾನು ಕಂಡಿಲ್ಲ. ಕನ್ನಡಕ್ಕೆ ಬಂದಾಗಲೇ ತೊಂದರೆ.

ಹಾಗಾದರೆ ವ್ಯತ್ಯಾಸ ಏನು? ಐದನೇ ಕ್ಲಾಸಿನ ಹುಡುಗ ಪಕ್ಕದವನ ಜೆಲ್ ಪೆನ್ನು ಎತ್ತಿಕೊಂಡ ಅಂತಿಟ್ಟುಕೊಳ್ಳಿ. ನೀತಿಪಾಠ ‘ಕದಿಯುವುದು ಕೆಟ್ಟದ್ದು’ ಅನ್ನುವಲ್ಲಿಗೆ ನಿಲ್ಲುತ್ತದೆ. ಅದು ತಪ್ಪೇನಲ್ಲ, ಯಾವ ಧರ್ಮದವರೂ ಒಪ್ಪುತ್ತಾರೆ. ಧರ್ಮೋಪದೇಶ ಅಲ್ಲಿಂದ ಶುರುವಾಗುತ್ತದೆ. ಬೈಬಲಿನ ಹತ್ತು ಕಟ್ಟಳೆಗಳಲ್ಲಿ ಇದು ಏಳನೆಯದು. ಕಟ್ಟಳೆ ಕೊಟ್ಟವರು ಯಾರು, ಅವರಿಗೂ ನಿನಗೂ ಏನು ಸಂಬಂಧ? ಮುರಿದರೆ ಪಾಪನಿವೇದನೆ ಅನ್ನುವ ಸಂಸ್ಕಾರ ಇದೆ, ಪಾದ್ರಿಯ ಮುಂದೆ ತಪ್ಪು ಒಪ್ಪಿಕೊಂಡರೆ ಕ್ಷಮೆ ಸಿಗುತ್ತದೆ. ಆದರೆ ಪೆನ್ನು ವಾಪಸ್ ಕೊಡಬೇಕು, ಇಂಕು ಖಾಲಿ ಆಗಿದ್ದರೆ ಹೊಸದು ತಂದುಕೊಡಬೇಕು. ದೇವರು, ಸಂಸ್ಕಾರ, ಪೆನ್ನು ಮೂರನ್ನೂ ಒಂದೇ ದಾರದಲ್ಲಿ ಪೋಣಿಸದಿದ್ದರೆ ಅದು ಧರ್ಮೋಪದೇಶ ಆಗುವುದಿಲ್ಲ.

ಕಟ್ಟಳೆಯ ಮಾತು ಬಂತಲ್ಲ, ಇನ್ನೊಂದು ಕಿರಿಕಿರಿ ಹೇಳಿಬಿಡುತ್ತೇನೆ. ಇಂಟರ್‌ನೆಟ್‌ನಿಂದ ಇಳಿಸಿದ ಕ್ವಿಜ್ ಹಾಳೆಯನ್ನು ನಮ್ಮ ಮಕ್ಕಳ ಕೈಗೆ ಕೊಡುತ್ತಾರೆ. ‘ತಂದೆತಾಯಿಯನ್ನು ಗೌರವಿಸು: ಐದನೇ ಕಟ್ಟಳೆ’ ಅಂತ ಅದರಲ್ಲಿರುತ್ತದೆ. ಬಹುತೇಕ ಪ್ರಾಟೆಸ್ಟೆಂಟರ ಲೆಕ್ಕದಲ್ಲಿ ಅದು ಐದು. ಕಥೋಲಿಕರಿಗೆ ನಾಲ್ಕು. ಕಳ್ಳತನ ಅವರಿಗೆ ಎಂಟು, ನಮಗೆ ಏಳು. ಬೈಬಲಿನಲ್ಲಿ ಕಟ್ಟಳೆಗಳಿಗೆ ನಂಬರ್ ಹಾಕಿಲ್ಲ, ಎಣಿಸುವ ಕ್ರಮ ಎರಡಾದವು ಅಷ್ಟೆ. ಮಗು ಸರಿ ಉತ್ತರ ಬರೆದೂ ಮಾರ್ಕ್ಸ್ ಕಳೆದುಕೊಂಡು ಬರುತ್ತದೆ. ‘ಸಂಡೇ ಸ್ಕೂಲ್’ ಅನ್ನುವ ಹೆಸರೂ ಆ ಕಡೆಯಿಂದಲೇ ಬಂದದ್ದು. 1780ರ ಹೊತ್ತಿಗೆ ಇಂಗ್ಲೆಂಡಿನಲ್ಲಿ, ವಾರವಿಡೀ ಕೂಲಿ ಮಾಡುವ ಮಕ್ಕಳಿಗೆ ಭಾನುವಾರ ಓದು ಕಲಿಸಲು ಶುರುವಾದ ಶಾಲೆಗಳವು. ಹೆಸರು ಬಳಸಿದರೆ ಆಕಾಶವೇನೂ ಬೀಳುವುದಿಲ್ಲ, ಆದರೆ ನಮ್ಮದು ಅದಲ್ಲ.

ಕ್ಯಾಟಿಕಿಸಂ ಅಂದರೆ ಪುಸ್ತಕವೂ ಹೌದು. ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆಯ ನಂತರ 1566ರಲ್ಲಿ ಒಂದು ಬಂತು, ಈಗ ಬಳಕೆಯಲ್ಲಿರುವುದು 1992ರದು. ಎರಡರಲ್ಲೂ ಅವೇ ನಾಲ್ಕು ಭಾಗ: ವಿಶ್ವಾಸ ಪ್ರಮಾಣ, ಸಂಸ್ಕಾರ, ಕಟ್ಟಳೆ, ಪ್ರಾರ್ಥನೆ. ಎರಡನ್ನೂ ಮಕ್ಕಳಿಗೆ ಅಂತ ಬರೆದದ್ದಲ್ಲ. ಕಲಿಸುವವರು ಓದಿ ಅರಗಿಸಿಕೊಂಡು ಮಕ್ಕಳ ಮಟ್ಟಕ್ಕೆ ಇಳಿಸಬೇಕು.

ಇಳಿಸುವುದೇ ಕಷ್ಟದ ಕೆಲಸ. ಚಿಕ್ಕವರಿಗೆ ಮೊದಲ ಪಾಠ ಕೈಯದು: ಹಣೆ, ಎದೆ, ಎಡ ಭುಜ, ಬಲ ಭುಜ. ಎದುರು ನಿಂತ ಟೀಚರನ್ನು ನೋಡಿ ಅರ್ಧ ಕ್ಲಾಸು ಬಲದಿಂದ ಶುರುಮಾಡುತ್ತದೆ. ಮನೆಯಲ್ಲಿ ಒಬ್ಬರದು ಕೊಂಕಣಿ, ಲೈನ್ ಮನೆಯವರದು ತಮಿಳು, ಕ್ಲಾಸಿನಲ್ಲಿ ಕನ್ನಡ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಒಂದೇ ರಾಗಕ್ಕೆ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಮೂರು, ನಾಲ್ಕನೇ ತರಗತಿಯ ಹೊತ್ತಿಗೆ ಮೊದಲ ಪರಮಪ್ರಸಾದದ ತಯಾರಿ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದಕ್ಕೆ. ಹಿಂದೆ ಮಕ್ಕಳನ್ನು 10, 12, ಕೆಲವು ಕಡೆ 14 ವರ್ಷದವರೆಗೂ ಕಾಯಿಸುತ್ತಿದ್ದರು. 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಜಗದ್ಗುರುಗಳು ಸುಮಾರು ಏಳು ವರ್ಷ ಸಾಕು ಅಂದರು. ಸಾಧಾರಣ ರೊಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ತನ್ನ ಮಟ್ಟಕ್ಕೆ ಮಗುವಿಗೆ ಗೊತ್ತಿದ್ದರೆ ಆಯಿತು.

ಅದಕ್ಕೂ ಮೊದಲು ಪಾಪನಿವೇದನೆ. ನನ್ನ ಕ್ಲಾಸಿನಲ್ಲಿ ಮಕ್ಕಳು ರಫ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಪಾಪದ ಪಟ್ಟಿ ಬರೆಯುತ್ತಾರೆ. ‘ತಂಗಿಗೆ ಹೊಡೆದೆ, ಎರಡು ಸಲ’ ಅಂತ ಬರೆದ ಹುಡುಗಿ ಯೋಚನೆ ಮಾಡಿ, ಎರಡನ್ನು ಹೊಡೆದುಹಾಕಿ ‘ಜಾಸ್ತಿ’ ಅಂತ ತಿದ್ದಿದ್ದಳು. ಪಕ್ಕದಲ್ಲಿದ್ದವನು ಅದನ್ನೇ ನೋಡಿಕೊಂಡು ಬರೆಯುತ್ತಿದ್ದ. ಅವನಿಗೆ ತಂಗಿಯೇ ಇಲ್ಲ. ‘ಪಾಪಾನೂ ಕಾಪಿ ಹೊಡೀತೀಯೇನೋ?’ ಅಂದೆ. ‘ನಂಗೆ ಯಾವ್ದೂ ನೆನಪಾಗ್ತಿಲ್ಲ ಟೀಚರ್’ ಅಂದ. ನೀತಿಪಾಠದಲ್ಲಿ ಇಂಥ ಸಮಸ್ಯೆ ಬರುವುದೇ ಇಲ್ಲ. ಅಲ್ಲಿ ಯಾರೂ ಮಗುವಿಗೆ ‘ನೀನು ಏನು ಮಾಡಿದೆ’ ಅಂತ ಕೇಳುವುದಿಲ್ಲ.

ಆರು, ಏಳನೇ ತರಗತಿಗೆ ಬಂದಾಗ ಮಕ್ಕಳೇ ಕೇಳಲು ಶುರುಮಾಡುತ್ತಾರೆ. ದೇವರು ಒಳ್ಳೆಯವರಾದರೆ ಆನೆ ಯಾಕೆ ನಮ್ಮ ಊರಿನವರನ್ನು ತುಳಿಯಿತು? ಹಾಸನ ಜಿಲ್ಲೆಯ ತೋಟದ ಮಕ್ಕಳಿಗೆ ಇದು ಪುಸ್ತಕದ ಪ್ರಶ್ನೆ ಅಲ್ಲ. ಬಾಯಿಪಾಠದ ಉತ್ತರ ಕೊಟ್ಟರೆ ಮುಂದಿನ ವಾರ ಅವರು ಬರುವುದಿಲ್ಲ. ಹಾಗಂತ ಬಾಯಿಪಾಠವೇ ಬೇಡ ಅನ್ನುವವರ ಗುಂಪಿಗೂ ನಾನು ಸೇರಿಲ್ಲ. ಬಾಯಲ್ಲಿ ಇರುವುದರ ಬಗ್ಗೆ ತಾನೇ ಮುಂದೆ ಪ್ರಶ್ನೆ ಏಳುವುದು?

ಕೊನೆಗೆ, ಕಲಿಸುವವರ ಹೆಸರು. ಹಳೇ ಮಿಷನ್ ದಿನಗಳಲ್ಲಿ ಇವರಿಗೆ ಉಪದೇಶಿ ಅನ್ನುತ್ತಿದ್ದರು. ಸ್ವಾಮಿಗಳು (ಪಾದ್ರಿಗಳು) ಬರುವುದು ಅಪರೂಪವಾದ ಊರುಗಳಲ್ಲಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಹೇಳಿಕೊಡುವುದು ಇವರೇ. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಇದನ್ನು ಧರ್ಮಸಭೆಯ ಅಧಿಕೃತ ಸೇವೆಗಳಲ್ಲಿ ಒಂದಾಗಿ ಸ್ಥಾಪಿಸಿದರು. ಹೀಗಿದ್ದೂ ಆಮಂತ್ರಣ ಪತ್ರಿಕೆಯಲ್ಲಿ ‘ಸ್ವಯಂಸೇವಕರು’ ಅಂತ ಊಟ ಬಡಿಸುವವರ ಪಟ್ಟಿಗೆ ಸೇರಿಸುತ್ತಾರೆ. ಧರ್ಮಸಭೆಯ ಕಾನೂನಿನ 774ನೇ ನಿಯಮದ ಪ್ರಕಾರ ಇವರಿಗಿಂತ ಮುಂಚೆ ಈ ಕೆಲಸ ತಂದೆತಾಯಿಯದು. ಆ ತಂದೆತಾಯಿ ಟ್ಯೂಷನ್ ಇದೆ, ಕಾಫಿ ಕೊಯ್ಲು ಇದೆ ಅಂತ ಭಾನುವಾರದ ಕ್ಲಾಸು ತಪ್ಪಿಸುತ್ತಾರೆ. ಮೊದಲ ಪರಮಪ್ರಸಾದದ ಬಿಳಿ ಗೌನಿಗೆ ಅಳತೆ ಕೊಡುವುದನ್ನು ಮಾತ್ರ ಯಾರೂ ತಪ್ಪಿಸುವುದಿಲ್ಲ.