ಕಬ್ಬಿಣದ ಜಾಗಕ್ಕೆ ಫೈಬರ್ ಕಂಬಿ: ಗೊಂದಲ ಶುರುವಾದದ್ದೆಲ್ಲಿ?

ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ, ಅಚ್ಚಿನ ಮೂಲಕ ಎಳೆದು ಮಾಡುವ ಫೈಬರ್ ಕಂಬಿ (ಜಿಎಫ್‌ಆರ್‌ಪಿ) ಬೆಳೆದದ್ದು ತುಕ್ಕಿನ ಕಾಟದಿಂದ. ಚಳಿ ದೇಶಗಳಲ್ಲಿ ಹಿಮ ಕರಗಿಸಲು ಸುರಿದ ಉಪ್ಪು ಸೇತುವೆಗಳ ಕಬ್ಬಿಣ ತಿನ್ನುತ್ತಿತ್ತು. ತುಕ್ಕು ತಡೆಯಲು ಎಪಾಕ್ಸಿ ರಾಳ ಬಳಿದ ಕಬ್ಬಿಣದ ಕಂಬಿಯೂ ಅಮೆರಿಕದ ಫ್ಲೋರಿಡಾ ಕೀಸ್ ದ್ವೀಪಗಳ ಸಮುದ್ರ ಸೇತುವೆಗಳಲ್ಲಿ 1980ರ ದಶಕದಲ್ಲೇ ಸೋತಿತು. ಫೈಬರ್ ಕಂಬಿಗೆ ದಾರಿಯಾದದ್ದು ಹೀಗೆ: 1996ರಲ್ಲಿ ಅದನ್ನು ಹಾಕಿ ಕಟ್ಟಿದ ವೆಸ್ಟ್ ವರ್ಜೀನಿಯಾದ ಮೆಕಿನ್ಲಿವಿಲ್ ಸೇತುವೆ, 2001ರಲ್ಲಿ ಅಮೆರಿಕನ್ ಕಾಂಕ್ರೀಟ್ ಸಂಸ್ಥೆಯ (ಎಸಿಐ) 440.1ಆರ್ ಮಾರ್ಗಸೂಚಿ, 2022ರಲ್ಲಿ ಅದರದೇ 440.11 ಸಂಹಿತೆ. ನಮ್ಮಲ್ಲಿ ರಸ್ತೆ ಕಾಮಗಾರಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ 137 ಬಂದದ್ದು 2022ರಲ್ಲಿ, ಕಂಬಿಯ ಗುಣಮಟ್ಟಕ್ಕೆ ಭಾರತೀಯ ಮಾನಕ ಐಎಸ್ 18256 ಬಂದದ್ದು 2023ರಲ್ಲಿ.

ಮನೆ ಕಟ್ಟುವ ಸೈಟಿಗೆ ಬರುವಷ್ಟರಲ್ಲಿ ತುಕ್ಕಿನ ಮಾತು ಹಿಂದೆ ಸರಿದು ದರದ ಮಾತು ಮುಂದೆ ಬಂತು. ‘12 ಎಂಎಂ ಕಬ್ಬಿಣಕ್ಕೆ 10 ಎಂಎಂ ಫೈಬರ್ ಸಾಕು’ ಎಂಬ ಅದಲುಬದಲಿನ ಪಟ್ಟಿ ಹುಟ್ಟಿದ್ದು ಇಲ್ಲಿ. ಎಳೆತದ ಲೆಕ್ಕದಲ್ಲಿ ಪಟ್ಟಿ ಸರಿಯೇ: ಎಫ್‌ಇ 500 ದರ್ಜೆಯ 12 ಎಂಎಂ ಕಬ್ಬಿಣದ ಕಂಬಿ ಸುಮಾರು 56 ಕಿಲೋನ್ಯೂಟನ್ ತಡೆದರೆ, 800 ಎಂಪಿಎ (ಮೆಗಾಪ್ಯಾಸ್ಕಲ್) ತಾಕತ್ತಿನ 10 ಎಂಎಂ ಫೈಬರ್ ಸುಮಾರು 63 ತಡೆಯುತ್ತದೆ. ತೂಕವಂತೂ ಮೀಟರಿಗೆ 890 ಗ್ರಾಂ ಬದಲು 160 ಗ್ರಾಂ.

ಆದರೆ ಸ್ಲ್ಯಾಬ್ ಜೋತು ಬೀಳುವುದನ್ನು ನಿರ್ಧರಿಸುವುದು ಕಂಬಿ ಎಷ್ಟು ಹಿಗ್ಗುತ್ತದೆ ಎಂಬುದು. ಹಿಗ್ಗದೆ ಬಿಗಿಯಾಗಿ ನಿಲ್ಲುವ ಗುಣದ ಅಳತೆಯೇ ಇ ಮೌಲ್ಯ: ಕಬ್ಬಿಣದ್ದು 200 ಗಿಗಾಪ್ಯಾಸ್ಕಲ್, ಫೈಬರ್‌ನದು 50ರ ಆಸುಪಾಸು. ಪಟ್ಟಿಯಂತೆ ಸಪೂರ ಕಂಬಿ ಹಾಕಿದರೆ ಅದೇ ಭಾರಕ್ಕೆ ಅದು ಹೆಚ್ಚುಕಡಿಮೆ ಆರು ಪಟ್ಟು ಹಿಗ್ಗುತ್ತದೆ. ಬಿರುಕು ಅಗಲವಾಗುತ್ತದೆ, ಬೀಮ್ ಬಾಗುತ್ತದೆ. ಸದಾ ಹೊರುವ ಭಾರಕ್ಕೆ ಎಸಿಐ 440.1ಆರ್ ಬಿಟ್ಟದ್ದು ತಾಕತ್ತಿನ ಶೇ 20 ಮಾತ್ರ, ಏಕೆಂದರೆ ವರ್ಷಗಟ್ಟಲೆ ಎಳೆತದಲ್ಲಿದ್ದ ಗಾಜಿನ ನಾರು ತನ್ನ ಪೂರ್ಣ ತಾಕತ್ತಿಗಿಂತ ಬಹಳ ಕಡಿಮೆ ಭಾರಕ್ಕೇ ತುಂಡಾಗಬಹುದು. ಕಬ್ಬಿಣ ಮುರಿಯುವ ಮೊದಲು ಸೊರಗಿ ಬಹಳ ಹಿಗ್ಗಿ ಎಚ್ಚರಿಸುತ್ತದೆ, ಫೈಬರ್ ಹಾಗಲ್ಲ, ಮಿತಿ ಮುಟ್ಟಿದೊಡನೆ ಒಮ್ಮೆಗೇ ತುಂಡಾಗುತ್ತದೆ. ಭೂಕಂಪದ ಬಲ ತಡೆಯಬೇಕಾದ ಪಿಲ್ಲರ್, ಬೀಮ್‌ಗೆ ಇದೇ ದೊಡ್ಡ ತೊಡಕು. ಬೆಂಕಿಯಲ್ಲಿ ರಾಳ ಸುಮಾರು 100–120 ಡಿಗ್ರಿಗೇ ಮೆತ್ತಗಾಗಿ ಕಾಂಕ್ರೀಟಿನ ಹಿಡಿತ ಬಿಡುತ್ತದೆ.

ಸೈಟಿನ ಪದ್ಧತಿಯೂ ಬದಲಾಗಬೇಕು. ಇದನ್ನು ಬಾರ್ ಬೆಂಡಿಂಗ್ ಮೇಜಿನ ಮೇಲೆ ಬಗ್ಗಿಸಲಾಗದು. ರಿಂಗು, ಎಲ್ ಬೆಂಡು ಎಲ್ಲ ಕಾರ್ಖಾನೆಯಲ್ಲೇ ಆಗಬೇಕು, ಆ ಬಾಗಿನಲ್ಲೂ ನೇರ ಕಂಬಿಯ ಸುಮಾರು ಅರ್ಧ ತಾಕತ್ತೇ ಉಳಿಯುವುದು. ಕತ್ತರಿಸಲು ಡೈಮಂಡ್ ಬ್ಲೇಡ್ ಬೇಕು. ಕಾಂಕ್ರೀಟಿಗಿಂತ ಹಗುರವಾದ್ದರಿಂದ ವೈಬ್ರೇಟರ್ ಹಾಕಿದಾಗ ಜಾಲರಿ ಮೇಲಕ್ಕೆ ತೇಲುತ್ತದೆ, ಕಂಬಿಯ ಕೆಳಗಿರಬೇಕಾದ ಕಾಂಕ್ರೀಟಿನ ಪದರದ (ಕವರ್) ಅಳತೆ ಕೆಡುತ್ತದೆ. ಸೆಂಟ್ರಿಂಗ್‌ಗೆ ಬಿಗಿದು ಕಟ್ಟಿರಬೇಕು. ಬಿಸಿಲಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ರಾಳದ ಮೇಲ್ಮೈ ಹಾಳಾಗುತ್ತದೆ.

ಉಪ್ಪು ಗಾಳಿಯ ಕಾರವಾರ, ಮಂಗಳೂರಿನ ಕಡೆ ನೆಲದ ಮೇಲೆ ಕೂರುವ ಸ್ಲ್ಯಾಬಿಗೆ, ಅಲೆ ತಡೆಗೋಡೆಗೆ, ಕಬ್ಬಿಣ ಆಗಿಬರದ ಎಂಆರ್‌ಐ ಕೋಣೆಗೆ, ಸುರಂಗ ಯಂತ್ರ ಕೊರೆದು ಹೋಗಬೇಕಾದ ಗೋಡೆಗೆ ಇದು ನಿಜಕ್ಕೂ ಒಳ್ಳೆಯ ಸಾಮಗ್ರಿ. ಎರಡಂತಸ್ತಿನ ಮನೆಯ ಬೀಮಿಗೆ ಪಟ್ಟಿ ನೋಡಿ ಹಾಕುವುದು ಬೇರೆ ವಿಷಯ: ಐಎಸ್ 18256 ಹೇಳುವುದು ಕಂಬಿ ಹೇಗಿರಬೇಕೆಂದು, ಬೀಮಿಗೆ ಎಷ್ಟು ಬೇಕೆಂದಲ್ಲ, ಕಾಂಕ್ರೀಟ್ ವಿನ್ಯಾಸದ ಸಂಹಿತೆಯಾದ ಐಎಸ್ 456:2000ರ ಲೆಕ್ಕ ಉಕ್ಕಿಗೆ ಕಟ್ಟಿದ್ದು. ಕೊಳ್ಳುವ ಮೊದಲು ಆ ಬ್ಯಾಚಿನ ಇ ಮೌಲ್ಯದ ಪರೀಕ್ಷಾ ವರದಿ ಮತ್ತು ರಾಳ ವಿನೈಲ್ ಎಸ್ಟರ್ ಹೌದೇ ಎಂಬ ಖಾತರಿ ಕೇಳಬೇಕು. ಅಗ್ಗದ ಪಾಲಿಯೆಸ್ಟರ್ ರಾಳವಾದರೆ ಕಾಂಕ್ರೀಟಿನ ಕ್ಷಾರವೇ ಒಳಗಿನ ಗಾಜನ್ನು ತಿನ್ನುತ್ತದೆ.